ಇಬ್ಬರಿಗೂ ಕೆಲಸ ಇದ್ದರೆ ಡಬ್ಲ್ಯೂ-4 ಒಮ್ಮೆ ತೆಗೆದು ನೋಡಿ

ಅಮೆರಿಕದಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಾ? ಹಾಗಾದರೆ ಡಬ್ಲ್ಯೂ-4 ಫಾರ್ಮಿನ (ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ತಿಳಿಸಲು ಕೊಡುವ ಫಾರ್ಮ್) 2ನೇ ಹಂತವನ್ನು ದಯವಿಟ್ಟು ಸುಮ್ನೆ ದಾಟಬೇಡಿ. ಖಾಲಿ ಬಿಟ್ಟರೆ, ಮನೆಗೆ ಬರುವುದು ಒಂದೇ ಸಂಬಳ ಅನ್ನುವ ಲೆಕ್ಕದಲ್ಲಿ ಇಬ್ಬರಿಗೂ ಕಡಿಮೆ ತೆರಿಗೆ ಹಿಡಿಯುತ್ತಾರೆ. ನಮಗೆ ಹಾಗೇ ಆಗಿ, ಏಪ್ರಿಲ್‌ನಲ್ಲಿ ಒಮ್ಮೆಗೇ ದೊಡ್ಡ ಮೊತ್ತ ಕಟ್ಟಬೇಕಾಯಿತು. ತುಂಬಾ ಕಷ್ಟಪಟ್ಟೆವು.

ಸಂಬಳ ಹತ್ತಿರ ಹತ್ತಿರ ಇದ್ದರೆ ಇಬ್ಬರ ಫಾರ್ಮಿನಲ್ಲೂ 2(ಸಿ) ಟಿಕ್ ಮಾಡಿದರೆ ಸಾಕು. ವ್ಯತ್ಯಾಸ ಜಾಸ್ತಿ ಇದ್ದರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ವೆಬ್‌ಸೈಟಿನ ತೆರಿಗೆ ಎಸ್ಟಿಮೇಟರ್‌ನಲ್ಲಿ ಲೆಕ್ಕ ಹಾಕಿ, ಪ್ರತಿ ಸಂಬಳದಲ್ಲೂ ಹೆಚ್ಚು ಹಿಡಿಯಬೇಕಾದ ಮೊತ್ತವನ್ನು 4(ಸಿ)ಯಲ್ಲಿ ಬರೆಯಿರಿ. ವರ್ಷದ ನಡುವೆಯೂ ಹೊಸ ಫಾರ್ಮ್ ಕೊಡಬಹುದು.

ಇನ್ನೊಂದು ಮಾತು. ರಿಟರ್ನ್ ಸಲ್ಲಿಸಲು ಅಕ್ಟೋಬರ್ 15ರವರೆಗೆ ಸಮಯ ಕೇಳಬಹುದು, ಆದರೆ ಹಣವನ್ನು ಏಪ್ರಿಲ್ 15ರೊಳಗೇ ಕಟ್ಟಬೇಕು.