ಸ್ಟಾರ್ ಪಾರ್ಟಿಗೆ ಹೋಗುವವರಿಗೆ: ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಿ

ಲಡಾಖ್‌ನ ಹಾನ್ಲೆಯಲ್ಲಿ ನಡೆಯುವ ಸ್ಟಾರ್ ಪಾರ್ಟಿಗೋ (ಟೆಲಿಸ್ಕೋಪ್ ಹಿಡಿದು ಒಟ್ಟಿಗೆ ಸೇರಿ ರಾತ್ರಿ ಆಕಾಶ ನೋಡುವ ಕೂಟ), ಇನ್ನಾವುದೋ ಕತ್ತಲ ಜಾಗಕ್ಕೋ ಹೊರಟಿದ್ದೀರಾ? ಮೆಡಿಕಲ್ ಶಾಪ್‌ನಲ್ಲಿ ಸಿಗುವ ಕಪ್ಪು ಕಣ್ಣಿನ ಪಟ್ಟಿ ಒಂದು ತಗೊಳ್ಳಿ, ಊಟಕ್ಕೋ ಟಾಯ್ಲೆಟ್‌ಗೋ ಬೆಳಕಿರುವ ಕಡೆ ಹೋಗುವ ಮುಂಚೆ ಟೆಲಿಸ್ಕೋಪಿಗೆ ಇಡುವ ಕಣ್ಣಿನ ಮೇಲೆ ಕಟ್ಟಿಕೊಳ್ಳಿ, ವಾಪಸ್ ಕತ್ತಲಿಗೆ ಬಂದಮೇಲೆ ತೆಗೆಯಿರಿ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಯಾರೋ ಕಾರಿನ ಬಾಗಿಲು ತೆಗೆದರೆ ಅದು ಕ್ಷಣದಲ್ಲಿ ಹೋಯ್ತು. ಆದರೆ ಎರಡು ಕಣ್ಣುಗಳೂ ಬೇರೆ ಬೇರೆಯಾಗಿ ಹೊಂದಿಕೊಳ್ಳುತ್ತವೆ. ಹಾಗಾಗಿ ಮುಚ್ಚಿದ ಕಣ್ಣಿನ ರೆಟಿನಾದಲ್ಲಿರುವ ರೊಡಾಪ್ಸಿನ್ (ಮಂದ ಬೆಳಕಲ್ಲಿ ನೋಡಲು ಬೇಕಾದ, ಬೆಳಕು ಬಿದ್ದರೆ ಒಡೆಯುವ ವಸ್ತು) ಹಾಗೇ ಉಳಿಯುತ್ತದೆ, ಮಸುಕಾದ ಗ್ಯಾಲಕ್ಸಿ ನೋಡಲು ಮತ್ತೆ ಅರ್ಧ ಗಂಟೆ ಕಾಯುವುದು ತಪ್ಪುತ್ತದೆ. ಕೆಂಪು ಬೆಳಕು ಕಣ್ಣಿನ ಈ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸಲ್ಲ, ಹಾಗಾಗಿ ಕೆಂಪು ಟಾರ್ಚ್ ಬೇಡ ಅಂತಲ್ಲ, ಅದು ಬೇಕೇ ಬೇಕು. ಆದರೆ ಪಕ್ಕದವರ ಮೊಬೈಲಿನ ಬೆಳಕಿಗೆ ನಿಮ್ಮ ಟಾರ್ಚ್ ಏನೂ ಮಾಡಲ್ಲ, ಅಲ್ವಾ? ಕನ್ನಡಕದವರಿಗೆ ಸ್ವಲ್ಪ ಕಷ್ಟ, ಪಟ್ಟಿ ಸರಿಯಾಗಿ ಕೂರಲ್ಲ. ಮೂಗಿನ ಪಕ್ಕ ಬೆಳಕು ನುಸುಳುವ ತೆಳು ಬಟ್ಟೆಯದಾದರೆ ಸುಮ್ನೆ ದುಡ್ಡು ದಂಡ. ಬೈನಾಕ್ಯುಲರ್‌ಗೆ ಎರಡು ಕಣ್ಣೂ ಬೇಕು, ಅಲ್ಲಿ ಇದರ ಉಪಯೋಗ ಕಡಿಮೆ. ಚಂದ್ರನನ್ನು ನೋಡುವಾಗಂತೂ ಬೇಕಾಗಿಯೇ ಇಲ್ಲ. ಒಂದೇ ಕಣ್ಣಿದ್ದಾಗ ಹಳ್ಳ ದಿಣ್ಣೆ ಸರಿಯಾಗಿ ಗೊತ್ತಾಗಲ್ಲ, ಕಲ್ಲಿನ ನೆಲದಲ್ಲಿ ನಿಧಾನ. ಹಾನ್ಲೆ 4,000 ಮೀಟರ್‌ಗಿಂತಲೂ ಎತ್ತರದಲ್ಲಿದೆ. ಅಲ್ಲಿ ಆಮ್ಲಜನಕ ಕಡಿಮೆಯಾದರೆ ರಾತ್ರಿಯ ದೃಷ್ಟಿಯೇ ಮಂದವಾಗುತ್ತದೆ, ಅದಕ್ಕೆ ಪಟ್ಟಿ ಪರಿಹಾರ ಅಲ್ಲ. ಮೊದಲು ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಇದ್ದು ಆಮೇಲೆ ಹತ್ತಿ.