ಓಟಿ (ಓವರ್‌ಟೈಮ್) ಹೋಗುತ್ತದೆ ಅಂದರೆ ಐಡಿಯಾ ಯಾರು ಕೊಡುತ್ತಾರೆ?

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ನಾನು ನೋಡಿಕೊಳ್ಳುವ ಪ್ರೆಸ್ ಶಾಪ್‌ನಲ್ಲಿ ಲೋಹದ ತಗಡನ್ನು ಯಂತ್ರದಲ್ಲಿ ಒತ್ತಿ ಬೈಕುಗಳ ಬ್ರಾಕೆಟ್ ತಯಾರಿಸುತ್ತೇವೆ. ಗಿರಾಕಿ ಕಂಪನಿ ಸಣ್ಣ ಸಣ್ಣ ಲಾಟ್ ಕೇಳತೊಡಗಿದ ಮೇಲೆ ಪದೇ ಪದೇ ಡೈ, ಅಂದರೆ ಪೀಸ್‌ಗೆ ಆಕಾರ ಕೊಡುವ ಅಚ್ಚು, ಬದಲಿಸಬೇಕಾಯಿತು. ಪ್ರತಿ ಸಲವೂ ಪ್ರೆಸ್ ಗಂಟೆಗಟ್ಟಲೆ ಸುಮ್ಮನೆ ನಿಲ್ಲುತ್ತಿತ್ತು.

ಇದಕ್ಕೆ ದಾರಿ ಹೊಸದೇನಲ್ಲ. 1969ರಲ್ಲಿ ಟೊಯೋಟಾದ ಸಾವಿರ ಟನ್ ಪ್ರೆಸ್‌ನಲ್ಲಿ ಡೈ ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ಪ್ರೆಸ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ನಿಲ್ಲಿಸಿದ ಮೇಲೆ ಮಾಡಬಾರದು, ಅಷ್ಟೇ. ಪ್ರೊಜೆಕ್ಟರ್‌ನಲ್ಲಿ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ನಮ್ಮ ಡೈಗೆ ಹೊಂದುವ ಉಪಾಯ ಮಾತ್ರ ಸ್ಪ್ಯಾನರ್ ಹಿಡಿದವರಿಗೇ ಹೊಳೆಯಬೇಕು.

ಹೊಳೆದಿದ್ದರೂ ಯಾರೂ ಬಾಯಿ ಬಿಡಲಿಲ್ಲ. ಟೀ ಹೊತ್ತಿನಲ್ಲಿ ಬಾಗಲೂರು ಕಡೆಯ ಹಿರಿಯ ಆಪರೇಟರ್ ಒಬ್ಬರು ಹೇಳಿದರು: "ಬೇಗ ಮುಗಿಸಿಬಿಟ್ರೆ ನಮ್ಮ ಓಟಿ ಹೋಗುತ್ತೆ ಸಾರ್. ಕಾಂಟ್ರಾಕ್ಟ್ ಹುಡುಗರಿಗೆ ಕೆಲಸಾನೇ ಹೋಗುತ್ತೆ." ಮಾತಿನಲ್ಲಿ ನ್ಯಾಯವಿತ್ತು. ಸಲಹೆ ಪೆಟ್ಟಿಗೆ, ಬಹುಮಾನ ಎಲ್ಲ ಆಮೇಲೆ ಎಂದುಕೊಂಡು ಮ್ಯಾನೇಜ್‌ಮೆಂಟ್ ಜೊತೆ ಕೂತೆ. ಸಮಯ ಉಳಿಯಿತೆಂದು ಯಾರನ್ನೂ, ಕಾಂಟ್ರಾಕ್ಟಿನವರನ್ನೂ, ತೆಗೆಯುವುದಿಲ್ಲ ಎಂದು ಬರೆಸಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ನೋಟಿಸ್ ಹಾಕಿಸಿದೆ. ಓಟಿ ಬದಲಿಗೆ ಇನ್ಸೆಂಟಿವ್ ಕೊಡಿಸಿದೆ. ಅದು ಓಟಿಯಷ್ಟು ಬರಲಿಲ್ಲ, ನಿಜ.

ಮೊದಲು ಬಾಯಿಬಿಟ್ಟವನು ಡೈ ಹೊರುವ ಕಾಂಟ್ರಾಕ್ಟ್ ಹುಡುಗನೇ. ನಮ್ಮ ಡೈಗಳ ಎತ್ತರ ಒಂದೊಂದು ಥರ. ಹಾಗಾಗಿ ಪ್ರತಿ ಸಲ ಶಟ್ ಹೈಟ್, ಅಂದರೆ ಪ್ರೆಸ್ ಪೂರ್ತಿ ಇಳಿದಾಗ ಡೈಗೆ ಉಳಿಯುವ ಅಂತರ, ಹೊಂದಿಸಿ, ಟ್ರಯಲ್ ಪೀಸ್ ಒತ್ತಿ, ಮತ್ತೆ ಹೊಂದಿಸಬೇಕಿತ್ತು. "ಗಿಡ್ಡ ಡೈ ಅಡಿಗೆ ಪ್ಲೇಟ್ ಬೋಲ್ಟ್ ಮಾಡಿಬಿಟ್ರೆ ಎಲ್ಲಾ ಸಮ ಆಗಲ್ವಾ ಸಾರ್?" ಅಂದ. ಸ್ಕ್ರ್ಯಾಪ್‌ನಲ್ಲಿದ್ದ ದಪ್ಪ ಪ್ಲೇಟ್ ಗ್ರೈಂಡ್ ಮಾಡಿಸಿ ಅಂದೇ ಒಂದು ಡೈಗೆ ಕೂರಿಸಿದೆವು. ಮರುದಿನ ಮೇಲಿಂದ ಇಳಿದು ಒತ್ತುವ ರ‍್ಯಾಮ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಅಂದೇ ಮಾಡಿದ್ದನ್ನು ಉಳಿದವರು ನೋಡಿದರು. ನನ್ನ ಪ್ರಕಾರ ಬಹುಮಾನದ ಕವರ್‌ಗಿಂತ ಅದೇ ಹೆಚ್ಚು ಕೆಲಸ ಮಾಡಿತು.

ಆಗದು ಎನ್ನುವುದನ್ನೂ ಅಂದೇ ಹೇಳಬೇಕು. ಪ್ರೆಸ್ಸಿನ ಎರಡು ಬಟನ್‌ಗಳಲ್ಲಿ ಒಂದಕ್ಕೆ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸೋಣ ಎಂದು ಒಬ್ಬ ಬಂದ. ಬಟನ್ ಎರಡಿರುವುದೇ ಎರಡೂ ಕೈ ಡೈಯಿಂದ ಹೊರಗಿರಲಿ ಎಂದು. ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಇನ್ನೊಂದು ಕೈ ಯಾಕೆ ಬೇಕಿತ್ತು ಎಂದು ಕೇಳಿದೆ. ಒತ್ತಿದ ಪೀಸ್ ಡೈಯಲ್ಲೇ ಅಂಟಿಕೊಳ್ಳುತ್ತಿತ್ತಂತೆ. ಗಾಳಿ ಊದುವ ನಳಿಕೆ ಕೂರಿಸಿದೆವು, ಪೀಸ್ ತಾನಾಗಿ ಹೊರಗೆ ಬೀಳತೊಡಗಿತು.

ಓಟಿ ಮಾತು ಮಾತ್ರ ಪ್ರತಿ ವೇತನ ಒಪ್ಪಂದದಲ್ಲೂ ಏಳುತ್ತದೆ. ಇನ್ಸೆಂಟಿವ್ ಹೆಚ್ಚಿಸಿ ಎಂದು ಅವರು ಕೇಳುತ್ತಿದ್ದಾರೆ. ಕೊಡಬೇಕೆಂದು ನಾನೂ ಬರೆದಿದ್ದೇನೆ.