ಹಳೇ ಅಮೆರಿಕನ್ ಕಾರ್ ಮಾರೋದಿದ್ರ ಮೊದ್ಲು ಪೇಂಟ್ ಡಬ್ಬಿ ಕೆಳಗಿಡ್ರಿ

ಬಳ್ಳಾರಿ ಕಡೆ ಯಾರ ಮನೀ ಶೆಡ್‌ನ್ಯಾಗರ ಹಳೇ ಶೆವರ್ಲೆ, ಡಾಡ್ಜ್ ಕೆಂಪು ಧೂಳು ತಿನ್ಕೊಂತ ನಿಂತಿದ್ರ, ಮಾರೋಕು ಮುಂಚೆ ಫುಲ್ ಪೇಂಟ್ ಮಾತ್ರ ಹೊಡಸ್ಬ್ಯಾಡ್ರಿ. ನಮ್ಮ ಮಾವ ಹೊಡಿಸಿದ್ರು, ಬಂದವ್ನು ಡೋರಿಗೆ ಮ್ಯಾಗ್ನೆಟ್ ಇಟ್ಟ, ಅದು ಜಾರಿ ಬಿತ್ತು, ಒಳಗ ತಗಡಿನ ಬದ್ಲು ಬರೀ ಪುಟ್ಟಿ ಅಂತ ಗೊತ್ತಾಗಿ ರೇಟೂ ಬಿತ್ತು.

ಒರಿಜಿನಲ್ ಬಣ್ಣ ಮಾಸಿದ್ರೂ ಇರ್ಲಿ. ತೊಳೀರಿ, ಕ್ರೋಮ್ ಬಂಪರ್ ಉಜ್ರಿ, ಕಾರ್ಬ್ಯುರೇಟರ್ ಕ್ಲೀನ್ ಮಾಡ್ಸಿ, ಬ್ರೇಕ್ ರಿಪೇರಿ ಮಾಡ್ಸಿ, ಗಾಡಿ ತಳ್ಳದೇ ಸ್ಟಾರ್ಟ್ ಆಗಿ, ಬ್ರೇಕ್ ಹಾಕಿದ್ರ ನಿಲ್ಲಂಗ ಆದ್ರ ಸಾಕು. ಬ್ಯಾಟರಿ ಹಾಕೋವಾಗ ಹುಷಾರ್ರೀ, 1954ರ ಶೆವರ್ಲೆ ಕಾರಿಗೆ 6 ವೋಲ್ಟ್, 1955ರಿಂದ 12. ಬಿಚ್ಚಿದ ಹಳೇ ಪಾರ್ಟ್ ಗುಜರಿಗೆ ಹಾಕ್ಬ್ಯಾಡ್ರಿ, ಡಿಕ್ಕಿಯಾಗ ಇಡ್ರಿ, ಹಬ್‌ಕ್ಯಾಪ್ (ಗಾಲಿ ಮುಚ್ಚಳ) ಒಂದು ಕಳದ್ರೂ ಹುಡುಕೋದು ಭಾಳ ಕಷ್ಟ.

ಫೋಟೋದಾಗ ತುಕ್ಕು ಮುಚ್ಚಿಡಬ್ಯಾಡ್ರಿ, ಫ್ಲೋರ್, ಚಾಸಿಸ್ ನಂಬರ್, ಇಂಜಿನ್ ಎಲ್ಲಾ ತಗೀರಿ.

ಪೇಪರ್ ವಿಷ್ಯಾನೇ ದೊಡ್ಡದು. ಆರ್‌ಸಿ ತಾತನ ಹೆಸರಲ್ಲೇ ಇದ್ರ ಮೊದ್ಲು ನಿಮ್ಮ ಹೆಸರಿಗೆ ಮಾಡ್ಸ್ರಿ, ಆಮೇಲೆ ಮಾರಾಟಕ್ಕ ಆರ್‌ಟಿಒ ಫಾರ್ಮ್ 29, 30, ಬ್ಯಾರೆ ರಾಜ್ಯಕ್ಕ ಹೋದ್ರ ಎನ್‌ಒಸಿಗೆ ಫಾರ್ಮ್ 28. 50 ವರ್ಷ ದಾಟಿ, ಚಾಸಿಸ್ ಬಾಡಿ ಇಂಜಿನ್ ಹೆಚ್ಚು ಬದಲಾಗದೇ ಇದ್ರ 2021ರ ಮೋಟಾರು ವಾಹನ ರೂಲ್ಸ್ ಪ್ರಕಾರ ವಿಂಟೇಜ್ ನೋಂದಣಿಗೂ ಅವಕಾಶ ಐತಿ, ಇದನ್ನ ತಗೊಳ್ಳೋರಿಗೆ ಬಾಯ್ಬಿಟ್ಟು ಹೇಳ್ರಿ. ದುಡ್ಡು ಅಕೌಂಟಿಗೆ ಬೀಳೋತನಕ ಕೀಲಿ ಕೊಡಬ್ಯಾಡ್ರಿ.